ಮೊಳೆ ತೂತಿನ ಟ್ಯಾರೋ: ವಿಸ್ಕೊಂಟಿ–ಸ್ಫೋರ್ಜಾ ಕಟ್ಟಿನ ಮರುಮುದ್ರಣ ನೋಡಿದ ಮೇಲೆ

ಈ ಟ್ಯಾರೋ ಪೆಟ್ಟಿಗೆ ಕೊಟ್ಟವಳು ಅಣ್ಣನ ಮಗಳು. ಫೋನಿನಲ್ಲಿ ದಿನಕ್ಕೊಂದು ಭವಿಷ್ಯದ ಟ್ಯಾರೋ ಕಾರ್ಡ್ ತೆಗೆದು, ಇವತ್ತು ರಜೆ ಕೇಳಬೇಕೋ ಬೇಡವೋ ಅಂತ ತೀರ್ಮಾನ ಮಾಡುವ ಪೈಕಿ ಅವಳು. ನಾನು ಆ ಪೈಕಿಯಲ್ಲ. ಇಪ್ಪತ್ತಾರು ವರ್ಷ ಆಫ್‌ಸೆಟ್ ಪ್ರೆಸ್ಸಿನಲ್ಲಿ ಕಲರ್ ಕರೆಕ್ಷನ್ ಮಾಡಿ, ಪ್ರೂಫ್ ನೋಡಿ ಕಣ್ಣು ಸವೆಸಿದವಳು. ಯಾರಾದರೂ ಅಚ್ಚಾದದ್ದು ಏನಾದರೂ ಕೈಗೆ ಕೊಟ್ಟರೆ ಮೊದಲು ಮೂಸುತ್ತೇನೆ, ಆಮೇಲೆ ಬೆಳಕಿಗೆ ಓರೆಯಾಗಿ ಹಿಡಿಯುತ್ತೇನೆ, ಆಮೇಲೆ ಲೂಪ್, ಅಂದರೆ ಪುಟ್ಟ ಭೂತಗನ್ನಡಿ, ತೆಗೆಯುತ್ತೇನೆ. ಓದುವುದು ಕಡೆಗೆ.

"ಅತ್ತೆ, ನಿಮಗೆ ಇದರಲ್ಲಿ ನಂಬಿಕೆ ಇಲ್ಲ, ಗೊತ್ತು. ಪ್ರಿಂಟಿಂಗ್ ಆದ್ರೂ ನೋಡಿ" ಅಂದಳು. ನೋಡಿದೆ. ಒಂದು ತಿಂಗಳು ನೋಡುತ್ತಲೇ ಇದ್ದೆ. ಅಷ್ಟು ನೋಡಿದ ಮೇಲೆ ನಾಲ್ಕು ಮಾತು ಬರೆಯದಿದ್ದರೆ ತಪ್ಪಾಗುತ್ತದೆ.

ಮೂಲ ಯಾವುದು ಅಂತ ಮೊದಲು ಹೇಳಿಬಿಡುತ್ತೇನೆ. 1450ರ ಆಸುಪಾಸಿನಲ್ಲಿ ಇಟಲಿಯ ಮಿಲಾನ್‌ನ ವಿಸ್ಕೊಂಟಿ–ಸ್ಫೋರ್ಜಾ ದೊರೆಮನೆಗೆ ಕೈಯಲ್ಲಿ ಬರೆದುಕೊಟ್ಟ ಟ್ಯಾರೋ ಕಟ್ಟು ಇದು. ಚಿತ್ರಕಾರ ಬೊನಿಫಾಚೊ ಬೆಂಬೊ ಇರಬೇಕು ಅನ್ನುವುದು ಬಹುಪಾಲು ಪಂಡಿತರ ಅಭಿಪ್ರಾಯ. ದಪ್ಪ ರಟ್ಟಿನ ಮೇಲೆ ಚಿನ್ನದ ರೇಕು ಹಚ್ಚಿ, ಅದರ ಮೇಲೆ ಬಣ್ಣ. ಒಟ್ಟು 78 ಎಲೆ ಇರಬೇಕಾದಲ್ಲಿ ಈಗ ಉಳಿದಿರುವುದು 74. ಅವೂ ಒಂದೇ ಕಡೆ ಇಲ್ಲ. 35 ನ್ಯೂಯಾರ್ಕಿನ ಮಾರ್ಗನ್ ಲೈಬ್ರರಿಯಲ್ಲಿ, 26 ಇಟಲಿಯ ಬೆರ್ಗಾಮೊದ ಕರ್ರಾರಾ ಅಕಾಡೆಮಿಯಲ್ಲಿ, ಮಿಕ್ಕ 13 ಅದೇ ಊರಿನ ಕೊಲ್ಲೆಯೋನಿ ಮನೆತನದ ಹತ್ತಿರ. ಅಣ್ಣತಮ್ಮಂದಿರು ಆಸ್ತಿ ಪಾಲು ಮಾಡಿಕೊಂಡ ಹಾಗೆ. ಅದೆಲ್ಲವನ್ನೂ ಒಂದು ಪೆಟ್ಟಿಗೆಯಲ್ಲಿ ಸೇರಿಸಿದ್ದೇ ಈ ಮರುಮುದ್ರಣದ ದೊಡ್ಡ ಉಪಕಾರ. ಹಲವರು ಇದನ್ನು ಅಚ್ಚು ಹಾಕಿದ್ದಾರೆ. ನನ್ನ ಕೈಯಲ್ಲಿರುವುದು ಯಾರದ್ದು ಅಂತ ಹೇಳುವುದಿಲ್ಲ, ಯಾಕೆಂದರೆ ಬೈಯುವುದಿದೆ.

ಅಳತೆಯಲ್ಲಿ ಮೋಸ ಮಾಡಿಲ್ಲ. ಸ್ಕೇಲ್ ಇಟ್ಟು ನೋಡಿದೆ: ಉದ್ದ 173 ಮಿಲಿಮೀಟರ್, ಅಗಲ 87. ಮೂಲದ್ದೂ ಹೆಚ್ಚುಕಮ್ಮಿ ಅಷ್ಟೇ. ನಮ್ಮ ಇಸ್ಪೀಟು ಎಲೆಯ ಎರಡರಷ್ಟು ಉದ್ದ. ಬೋರ್ಡ್ ಗಟ್ಟಿಯಾಗಿದೆ, ಡೈ ಕಟಿಂಗ್ ಸ್ವಚ್ಛ, ಮೂಲೆಯಲ್ಲಿ ಒಂದು ಎಳೆ ಎದ್ದಿಲ್ಲ. ಮ್ಯಾಟ್ ಲ್ಯಾಮಿನೇಶನ್ ಮಾಡಿದ್ದಾರೆ, ಸದ್ಯ ಹೊಳೆಯುವ ಗ್ಲಾಸಿ ಅಲ್ಲ.

ಎಡವಿರುವುದು ಚಿನ್ನದಲ್ಲಿ. ಮೂಲದಲ್ಲಿ ಚಿನ್ನದ ನೆಲಕ್ಕೆ ಮೊನಚು ಉಪಕರಣದಿಂದ ಒತ್ತಿ ಒತ್ತಿ ವಜ್ರಾಕಾರದ ಜಾಲ ಮೂಡಿಸಿದ್ದಾರೆ. ಅದು ಗೆರೆಯಲ್ಲ, ತಗ್ಗು. ಮೇಣದಬತ್ತಿ ಬೆಳಕಿನಲ್ಲಿ ಎಲೆಯನ್ನು ಸ್ವಲ್ಪ ಅಲ್ಲಾಡಿಸಿದರೆ ಆ ತಗ್ಗುಗಳಲ್ಲಿ ಬೆಳಕು ಓಡಾಡಬೇಕು, ಅದಕ್ಕೇ ಅದನ್ನು ಮಾಡಿದ್ದು. ಇಲ್ಲಿ ಮಾಮೂಲಿ ನಾಲ್ಕು ಬಣ್ಣದ ಪ್ಲೇಟುಗಳ ಜೊತೆ ಐದನೇ ಪ್ಲೇಟಿನಲ್ಲಿ ಮೆಟಾಲಿಕ್ ಚಿನ್ನದ ಶಾಯಿ ಸಪಾಟಾಗಿ ಹೊಡೆದು, ಜಾಲವನ್ನು ಕಂದು ಗೆರೆಯಾಗಿ ಮೇಲೆ ಅಚ್ಚು ಹಾಕಿದ್ದಾರೆ. ಲೂಪ್ ಇಟ್ಟರೆ ಬರೀ ಚುಕ್ಕಿ. ಎಷ್ಟು ಓರೆ ಮಾಡಿದರೂ ನೆರಳು ಜಾಗ ಬಿಟ್ಟು ಕದಲುವುದಿಲ್ಲ. ಒತ್ತಿ ಉಬ್ಬುತಗ್ಗು ಮೂಡಿಸುವ ಎಂಬಾಸಿಂಗ್ ಮಾಡಲು ಆಗುತ್ತಿರಲಿಲ್ಲವೇ ಅಂತ ಕೇಳಿದರೆ, ಪೆಟ್ಟಿಗೆಯ ಮುಚ್ಚಳಕ್ಕೆ ಮಾಡಿದ್ದಾರೆ! ಒಳಗಿನ ಮದುಮಗಳಿಗೆ ಗಿಲೀಟು, ಹೊರಗಿನ ಪಲ್ಲಕ್ಕಿಗೆ ಅಪರಂಜಿ.

ಇನ್ನು ತೂತಿನ ವಿಷಯ. ಬಹುತೇಕ ಎಲೆಗಳ ನೆತ್ತಿಯ ಮೇಲೆ, ನಡು ಭಾಗದಲ್ಲಿ, ಸಾಸಿವೆ ಕಾಳಿಗಿಂತ ಚಿಕ್ಕದೊಂದು ಕಪ್ಪು ಚುಕ್ಕಿ ಇದೆ. ಹುಡುಗಿ ಅದನ್ನು ಕೊಳೆ ಅಂದುಕೊಂಡು ಉಗುರಲ್ಲಿ ಕೆರೆದಳು. ಕೊಳೆಯಲ್ಲ, ಮೊಳೆಯ ಗುರುತು. ಯಾವುದೋ ಕಾಲದಲ್ಲಿ ಯಾರೋ ಈ ಎಲೆಗಳನ್ನು ಎಲ್ಲಿಯೋ ಚುಚ್ಚಿ ನಿಲ್ಲಿಸಿದ್ದಾರೆ. ಇಷ್ಟು ಚಿನ್ನ ಹಾಕಿದ್ದನ್ನು ಆಡುವುದಕ್ಕಿಂತ ನೋಡುವುದಕ್ಕೇ ಬಳಸಿದ್ದರೇನೋ ಅನ್ನುವ ಅನುಮಾನಕ್ಕೆ ಈ ತೂತೂ ಒಂದು ಕಾರಣ. ಅದನ್ನು ಹಾಗೇ ಉಳಿಸಿದ್ದಕ್ಕೆ ಮುದ್ರಕರಿಗೆ ಕೈ ಮುಗಿಯೋಣ ಅಂದುಕೊಂಡೆ. ಆದರೆ ಮೂರು ಎಲೆಯಲ್ಲಿ ತೂತು ಇದ್ದ ಜಾಗದಲ್ಲಿ ಜಾಲದ ಒಂದೇ ತುಂಡು ಪಕ್ಕಪಕ್ಕದಲ್ಲಿ ಎರಡು ಸಲ ಬಂದಿದೆ. ಕಂಪ್ಯೂಟರಿನಲ್ಲಿ ಪಕ್ಕದ ತುಂಡನ್ನೇ ನಕಲು ಮಾಡಿ ಮುಚ್ಚುವ ಕ್ಲೋನ್ ಟೂಲ್ ಹಿಡಿದು ಉಜ್ಜಿದವರ ಕೈಗುರುತು ಅದು. ನಾನೇ ಜೀವಮಾನವಿಡೀ ಮದುವೆ ಫೋಟೋಗಳ ಮೊಡವೆ ಹಾಗೆ ಅಳಿಸಿದವಳು. ನನ್ನ ಕಣ್ಣಿಗೆ ಮಣ್ಣೆರಚಲಾಗದು.

ಎಲೆಗಳ ಮೇಲೆ ಅಂಕಿ ಇಲ್ಲ, ಹೆಸರಿಲ್ಲ. ಮೊದಲು ಇದು ಕೊರತೆ ಅನ್ನಿಸಿತು, ಆಮೇಲೆ ಇದೇ ಕೀಲಿ ಅಂತ ತಿಳಿಯಿತು. ಟ್ಯಾರೋ ಹುಟ್ಟಿದ್ದು ಆಟಕ್ಕೆ. 1440ರಲ್ಲಿ ಫ್ಲಾರೆನ್ಸಿನ ಕಡೆ, 1442ರಲ್ಲಿ ಫೆರಾರಾ ದೊರೆಮನೆಯ ಲೆಕ್ಕದಲ್ಲಿ ಇದರ ಉಲ್ಲೇಖ ಸಿಗುತ್ತದೆ. ಆಗ ಹೆಸರು 'ತ್ರಿಯೋನ್ಫಿ', ಅಂದರೆ ವಿಜಯಗಳು. 'ತರೋಕಿ' ಅನ್ನುವ ಹೆಸರು ದಾಖಲೆಯಲ್ಲಿ ಕಾಣುವುದು 1500 ದಾಟಿದ ಮೊದಲ ಕೆಲವು ವರ್ಷಗಳಲ್ಲಿ. ಬಟ್ಟಲು, ಕತ್ತಿ, ನಾಣ್ಯ, ದೊಣ್ಣೆ ಅನ್ನುವ ನಾಲ್ಕು ಬಣ್ಣದ ಎಲೆಗಳ ಜೊತೆಗೆ ಇಪ್ಪತ್ತೆರಡು ಚಿತ್ರದ ಎಲೆ. ಅದರಲ್ಲಿ ಹುಚ್ಚನೊಬ್ಬ ಬೇರೆ ಲೆಕ್ಕ, ಉಳಿದ ಇಪ್ಪತ್ತೊಂದೂ ಕಾಯಂ ತುರುಪು. ಯಾವುದು ಯಾವುದನ್ನು ಹೊಡೆಯುತ್ತದೆ ಅನ್ನುವ ಕ್ರಮ ಊರಿನಿಂದ ಊರಿಗೆ ಬದಲಾಗುತ್ತಿತ್ತು. ಆಟಗಾರ ಅದನ್ನು ಬಾಯಿಪಾಠ ಮಾಡಿ, ಎಲೆ ಬಿದ್ದ ಕ್ಷಣಕ್ಕೆ ಇದು ಇಂಥದ್ದೇ ಅಂತ ಗುರುತು ಹಿಡಿಯಬೇಕು. ಹಾಗಿದ್ದಮೇಲೆ ಚಿತ್ರದಲ್ಲಿ ಗುಟ್ಟು ಇಟ್ಟರೆ ಆಟ ನಡೆಯುವುದು ಹೇಗೆ? ಕೈಯಲ್ಲಿರುವ ಆಯುಧ ನೋಡಿ ಮೂರ್ತಿ ಯಾರದ್ದು ಅಂತ ಹೇಳುತ್ತೇವಲ್ಲ, ಹಾಗೆ. ತಕ್ಕಡಿ, ಕತ್ತಿ ಇದ್ದರೆ ನ್ಯಾಯ. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಬಾಣ ಹಿಡಿದ ಹುಡುಗ ಇದ್ದರೆ ಪ್ರೇಮ. ಬಿಲ್ಲು ಹಿಡಿದ ಅಸ್ಥಿಪಂಜರ ಇದ್ದರೆ ಸಾವು. ಅವತ್ತಿನ ಮಿಲಾನಿನ ಅಡುಗೆಯವನೂ ಗುರುತಿಸುತ್ತಿದ್ದ ಚಿತ್ರಗಳು ಇವು.

ಇದನ್ನು ಹುಡುಗಿಗೆ ಹೇಳಿದೆ, ಒಪ್ಪಲಿಲ್ಲ. ಕಟ್ಟಿನಿಂದ ಒಂದು ಎಲೆ ಎಳೆದು ಎದುರಿಗಿಟ್ಟಳು. ತಲೆಕೆಳಗಾಗಿ ನೇತಾಡುವವನು. ಒಂದೇ ಕಾಲಿಗೆ ಹಗ್ಗ, ಇನ್ನೊಂದು ಕಾಲು ಮಡಿಸಿದೆ, ಕೈ ಎರಡೂ ಬೆನ್ನ ಹಿಂದೆ.

"ಇದಕ್ಕೇನಂತೀರಿ? ಶರಣಾಗತಿ ಅಂತ ಅರ್ಥ. ಲೋಕಾನ ಬೇರೆ ಥರ ನೋಡೋದು."

"ದ್ರೋಹಿ ಕಣೇ ಅವನು" ಅಂದೆ.

ಹಳೆಯ ಇಟಲಿಯ ಕೆಲವು ತುರುಪಿನ ಪಟ್ಟಿಗಳಲ್ಲಿ ಈ ಎಲೆಗೆ ಇರುವ ಹೆಸರೇ 'ದ್ರೋಹಿ'. ಆ ಕಾಲದ ಇಟಲಿಯ ಊರುಗಳಲ್ಲಿ ಮಾನ ಕಳೆಯುವ ಚಿತ್ರ ಅಂತ ಒಂದು ಶಿಕ್ಷೆಯಿತ್ತು. ಕೈಗೆ ಸಿಗದೆ ಓಡಿಹೋದ ದ್ರೋಹಿ, ಮೋಸಗಾರ, ಸಾಲಗಾರನನ್ನು ಊರಿನ ಗೋಡೆಯ ಮೇಲೆ ಒಂದು ಕಾಲಿಗೆ ಕಟ್ಟಿ ತಲೆಕೆಳಗೆ ನೇತುಹಾಕಿದಂತೆ ಬರೆಸುತ್ತಿದ್ದರು. 1440ರಲ್ಲಿ ಆಂಘಿಯಾರಿ ಯುದ್ಧವಾದ ಮೇಲೆ ಫ್ಲಾರೆನ್ಸಿನಲ್ಲಿ ಇಂಥ ಚಿತ್ರ ಬರೆದ ಆಂದ್ರೆಯಾ ದೆಲ್ ಕಸ್ತಾನ್ಯೊ ಅನ್ನುವ ಒಳ್ಳೆಯ ಕಲಾವಿದನಿಗೆ 'ನೇಣಿನವರ ಆಂದ್ರೆಯಾ' ಅಂತಲೇ ಹೆಸರು ಅಂಟಿತು. ಈ ಕಟ್ಟಿನ ಮಟ್ಟಿಗೆ ಇನ್ನೂ ಒಂದು ತಿರುವು ಇದೆ. ಇದು ಫ್ರಾಂಚೆಸ್ಕೊ ಸ್ಫೋರ್ಜಾ ಮನೆಯದ್ದು. ಬಾಡಿಗೆ ಸೈನ್ಯದ ದಂಡನಾಯಕನ ಮಗ ಅವನು. ವಿಸ್ಕೊಂಟಿ ದೊರೆಯ ಮಗಳು ಬಿಯಾಂಕಾ ಮರಿಯಾಳನ್ನು 1441ರಲ್ಲಿ ಮದುವೆಯಾಗಿ, 1450ರಲ್ಲಿ ಮಿಲಾನಿನ ಗದ್ದುಗೆ ಹಿಡಿದ. ಅವನ ಅಪ್ಪ ಮುತ್ಸಿಯೊ ಪಕ್ಷ ಬದಲಿಸಿದ ಅಂತ 1412ರಲ್ಲಿ ಪೋಪ್ ಪಟ್ಟಕ್ಕೆ ಹಕ್ಕು ಹೂಡಿದ್ದ 23ನೇ ಜಾನ್ ಸಿಟ್ಟಿಗೆದ್ದು, ರೋಮಿನ ಸೇತುವೆ, ಹೆಬ್ಬಾಗಿಲುಗಳ ಮೇಲೆಲ್ಲ ಅವನನ್ನು ಕಾಲಿಗೆ ಹಗ್ಗ ಬಿಗಿದು ನೇತಾಡಿಸಿದಂತೆ ಬರೆಸಿದ್ದ. ಅಂಥವನ ಮಗನ ಮನೆಯಲ್ಲಿ, ಚಿನ್ನದ ನೆಲದ ಮೇಲೆ, ಅದೇ ಭಂಗಿ. ಆಟ ಆಡುತ್ತಾ ಈ ಎಲೆ ಬಿದ್ದಾಗ ಅವರ ಮನೆಯಲ್ಲಿ ಯಾರು ಯಾರ ಮುಖ ನೋಡಿದರೋ.

ಹುಡುಗಿ ಸ್ವಲ್ಪ ಹೊತ್ತು ಎಲೆಯನ್ನೇ ನೋಡಿದಳು. "ಮುಖದಲ್ಲಿ ನೋವೇ ಇಲ್ಲ ಅಲ್ವಾ ಅತ್ತೆ" ಅಂದಳು. ಅದು ನಿಜ. ಅದಕ್ಕೆ ನನ್ನ ಹತ್ತಿರ ಉತ್ತರವಿಲ್ಲ.

ಈ ಎಲೆಯ ಬಗ್ಗೆ ನನ್ನಂಥ ಪ್ರೂಫ್‌ನವರು ಕೇಳಿ ನಗಬೇಕಾದ ಕಥೆಯೊಂದಿದೆ. 1781ರಲ್ಲಿ ಪ್ಯಾರಿಸಿನ ಕೂರ್ ದ ಜೆಬಲ್ಯಾಂ ಅನ್ನುವ ವಿದ್ವಾಂಸ ಟ್ಯಾರೋ ಎಂದರೆ ಪ್ರಾಚೀನ ಈಜಿಪ್ಟಿನ ಜ್ಞಾನಗ್ರಂಥ ಅಂತ ಬರೆದ. ಈಜಿಪ್ಟಿನ ಚಿತ್ರಲಿಪಿಯನ್ನು ಶಾಂಪೋಲಿಯೊಂ ಬಿಡಿಸಿದ್ದು 1822ರಲ್ಲಿ, ಅಂದರೆ ಇವನು ಬರೆಯುವಾಗ ಆ ಲಿಪಿಯ ಒಂದಕ್ಷರ ಓದಬಲ್ಲವರು ಲೋಕದಲ್ಲಿ ಇರಲಿಲ್ಲ. ಇರಲಿ. ಯುರೋಪಿನವರು ಎಣಿಸುವ ನಾಲ್ಕು ಮುಖ್ಯ ಸದ್ಗುಣಗಳ ಪೈಕಿ ಈ ಪುಣ್ಯಾತ್ಮನಿಗೆ ತುರುಪಿನಲ್ಲಿ ನ್ಯಾಯ, ಸ್ಥೈರ್ಯ, ಸಂಯಮ ಸಿಕ್ಕವು, ನಾಲ್ಕನೆಯದಾದ ವಿವೇಕ ಸಿಗಲಿಲ್ಲ. ಹುಡುಕಿ ಹುಡುಕಿ, ನೇತಾಡುವವನೇ ವಿವೇಕ, ಒಂದು ಕಾಲು ಎತ್ತಿ ಮುಂದಿನ ಹೆಜ್ಜೆ ಯೋಚಿಸುತ್ತಾ ನಿಂತವನು, ಅರಿಯದ ಮುದ್ರಕರು ತಿರುಗಾಮುರುಗಾ ಅಚ್ಚು ಹಾಕಿಬಿಟ್ಟಿದ್ದಾರೆ ಅಂದ! ಇಲ್ಲದ ತಪ್ಪನ್ನು ಪ್ರೆಸ್ಸಿನವರ ತಲೆಗೆ ಕಟ್ಟುವುದು ಇನ್ನೂರೈವತ್ತು ವರ್ಷದಿಂದ ನಡೆದುಬಂದಿದೆ ಅಂತಾಯಿತು.

ನಿಜವಾದ ತಪ್ಪು ಇರುವುದು ಬೇರೆ ಕಡೆ. ಸನ್ಯಾಸಿಯ ಎಲೆ ತೆಗೆಯಿರಿ. ಫೋನಿನ ಆ್ಯಪಿನಲ್ಲಿ ಅವನ ಕೈಯಲ್ಲಿ ಲಾಟೀನು ಇರುತ್ತದೆ, ಜ್ಞಾನದ ಬೆಳಕು ಅಂತ ಕೆಳಗೆ ಬರೆದಿರುತ್ತದೆ. ಇಲ್ಲಿ ಅವನು ಸನ್ಯಾಸಿಯೇ ಅಲ್ಲ. ಒಳ್ಳೆಯ ಟೋಪಿ, ನೀಲಿ ನಿಲುವಂಗಿ ತೊಟ್ಟ ಗಡ್ಡದ ಮುದುಕ, ಕೈಯಲ್ಲಿ ಮರಳು ಗಡಿಯಾರ. ಅವನು ಕಾಲ. ಹಳೆಯ ಪಟ್ಟಿಗಳಲ್ಲಿ ಅವನ ಹೆಸರೂ 'ಮುದುಕ', 'ಗೂನುಬೆನ್ನಿನವನು' ಅಂತಲೇ. ಮುಂದೆ ಅಗ್ಗದ ಎಲೆಗಳಿಗೆ ಮರದ ಅಚ್ಚು ಕೆತ್ತುವಾಗ, ಅಚ್ಚಿನಿಂದ ಅಚ್ಚಿಗೆ ನಕಲಾಗುತ್ತಾ, ಮರಳು ಗಡಿಯಾರ ಲಾಟೀನಾಯಿತು. ಯಾರೋ ಒಬ್ಬ ಕೆತ್ತನೆಯವನು ಎರಡು ಗಾಜಿನ ಬುರುಡೆಯನ್ನು ದೀಪ ಅಂತ ತಿಳಿದಿರಬೇಕು. 'ಕಾಲ' ಹೋಗಿ 'ಬೆಳಕು' ಬಂತು. ಫ್ರಾನ್ಸಿನ ಮಾರ್ಸೆಯ ಶೈಲಿಯ ಕಟ್ಟುಗಳಲ್ಲಿ, 1760ರ ನಿಕೊಲಾ ಕಾನ್ವೆರ್ ಅಚ್ಚಿನಲ್ಲೂ, ಅವನು ಲಾಟೀನಿನವನೇ. ನಾನು ಒಂದು 'ಶ' ತಪ್ಪಿಸಿ ಇಡೀ ಆಹ್ವಾನ ಪತ್ರಿಕೆ ಹಾಳು ಮಾಡಿ ಒಂದು ವಾರ ಬೈಸಿಕೊಂಡೆ. ಈ ಕೆತ್ತನೆಯವನ ತಪ್ಪಿನ ಮೇಲೆ ಎಷ್ಟೋ ಜನ ಅಧ್ಯಾತ್ಮ ಕಟ್ಟಿಕೊಂಡಿದ್ದಾರೆ. ಅವರವರ ಹಣೆಬರಹ.

ಅದೃಷ್ಟದ ಚಕ್ರವಂತೂ ನನ್ನ ಮೆಚ್ಚಿನದು. ನಡುವೆ ರೆಕ್ಕೆಯ ಅದೃಷ್ಟದೇವಿ, ಕಣ್ಣಿಗೆ ಬಟ್ಟೆ. ಏರುತ್ತಿರುವವನು 'ಆಳುತ್ತೇನೆ' ಅನ್ನುತ್ತಾನೆ, ಮೇಲೆ ಕೂತವನು 'ಆಳುತ್ತಿದ್ದೇನೆ', ಇಳಿಯುವವನು 'ಆಳಿದ್ದೆ', ಅಡಿಯಲ್ಲಿ ನಾಲ್ಕು ಕಾಲಾಗಿ ಬಿದ್ದ ಮುದುಕ 'ನನಗೆ ರಾಜ್ಯವಿಲ್ಲ'. ಲ್ಯಾಟಿನಿನ ಈ ಮಾತುಗಳನ್ನು ಎಲೆಯ ಮೇಲೇ ಪಟ್ಟಿಯಲ್ಲಿ ಬರೆದಿದ್ದಾರೆ. ಈ ಅಚ್ಚಿನಲ್ಲಿ ಲೂಪ್ ಇಲ್ಲದೆ ಕಾಣಿಸುವುದಿಲ್ಲ, ಕಪ್ಪು ಪ್ಲೇಟು ಸ್ವಲ್ಪ ಮಂಕಾಗಿದೆ. ಕಾಣಬೇಕಾದ್ದು ಕಿವಿ, ಬಾಲ. ಸಿಂಹಾಸನದ ಮೇಲಿನವನಿಗೆ ಕತ್ತೆ ಕಿವಿ, ಜಾರುವವನಿಗೆ ಕತ್ತೆ ಬಾಲ. ಎಲ್ಲ ಕಳೆದುಕೊಂಡ ಮುದುಕನೊಬ್ಬನೇ ಪೂರ್ತಿ ಮನುಷ್ಯ. ಹೊಸದಾಗಿ ಗದ್ದುಗೆ ಹಿಡಿದವನ ಮನೆಗೆ ಇದನ್ನು ಬರೆದುಕೊಟ್ಟ ಕಲಾವಿದನ ಧೈರ್ಯಕ್ಕೆ ಏನನ್ನಬೇಕು!

ಚಕ್ರವರ್ತಿ, ಚಕ್ರವರ್ತಿನಿಯ ನಿಲುವಂಗಿಯ ಮೇಲೆ ಒಂದರೊಳಗೊಂದು ಸಿಕ್ಕಿಸಿದ ಮೂರು ಉಂಗುರಗಳಿವೆ, ಅದು ಮನೆತನದ ಲಾಂಛನ. ಚಕ್ರವರ್ತಿಯ ಟೋಪಿಯ ಮೇಲೆ ಕರಿ ಹದ್ದು. ಇವೆಲ್ಲ ಲೆಟರ್‌ಹೆಡ್ಡಿನ ಲೋಗೋ ಇದ್ದ ಹಾಗೆ, ಗೂಢವೇನಿಲ್ಲ.

ಗೂಢ ಇರುವುದಾದರೆ ಹೆಣ್ಣು ಪೋಪ್ ಎಲೆಯಲ್ಲಿ. ಕಂದು ಬಣ್ಣದ ಸನ್ಯಾಸಿನಿಯ ಬಟ್ಟೆ, ಸೊಂಟಕ್ಕೆ ಗಂಟು ಹಾಕಿದ ಹಗ್ಗ, ತಲೆಯ ಮೇಲೆ ಮಾತ್ರ ಪೋಪ್‌ನ ಮೂರು ಅಂತಸ್ತಿನ ಕಿರೀಟ. ಗರ್ಟ್ರೂಡ್ ಮೋಕ್ಲಿ ಎಂಬ ವಿದ್ವಾಂಸೆ 1966ರಲ್ಲಿ ಒಂದು ಊಹೆ ಮುಂದಿಟ್ಟರು: ವಿಸ್ಕೊಂಟಿಗಳ ಸಂಬಂಧಿಕಳೇ ಆದ ಮಾನ್‌ಫ್ರೆಡಾ ಎಂಬ ಸನ್ಯಾಸಿನಿಯನ್ನು ಮಿಲಾನಿನ ಒಂದು ಸಣ್ಣ ಪಂಥ ತನ್ನ ಪೋಪ್ ಅಂತ ಆರಿಸಿಕೊಂಡಿತ್ತು, 1300ರಲ್ಲಿ ಅವಳನ್ನು ಸುಟ್ಟರು, ಈ ಚಿತ್ರ ಅವಳದ್ದು. ಅಲ್ಲ, ಇದು ಚರ್ಚಿನ ಅಥವಾ ಶ್ರದ್ಧೆಯ ರೂಪಕವಷ್ಟೇ ಅನ್ನುವವರೂ ಇದ್ದಾರೆ. ಇಟಲಿಯ ಪಡುವಾದ ಪ್ರಾರ್ಥನಾಮಂದಿರದ ಗೋಡೆಯಲ್ಲಿ ಹಳೆಯ ಚಿತ್ರಕಾರ ಜೊತ್ತೊ ಬರೆದ 'ಶ್ರದ್ಧೆ' ಕೂಡ ಶಿಲುಬೆಯ ಕೋಲು ಹಿಡಿದ ಕಿರೀಟದ ಹೆಂಗಸೇ. ಬುದ್ಧಿ ಎರಡನೆಯದರ ಕಡೆ ಹೇಳುತ್ತದೆ. ಆದರೆ ಆ ಎಲೆಯನ್ನು ಕೈಯಲ್ಲಿ ಹಿಡಿದಾಗ ನನಗೆ ಮೊದಲನೆಯದೇ ನಿಜವಾಗಿರಲಿ ಅನ್ನಿಸುತ್ತದೆ. ಅದೇ ಜೊತ್ತೊನ 'ಮೂರ್ಖತನ'ವನ್ನು ಇಲ್ಲಿನ ಹುಚ್ಚನ ಪಕ್ಕ ಇಟ್ಟು ನೋಡಿ: ಎರಡಕ್ಕೂ ತಲೆಯಲ್ಲಿ ಗರಿ, ಕೈಯಲ್ಲಿ ದೊಣ್ಣೆ. ನೂರೈವತ್ತು ವರ್ಷದ ಅಂತರವಿದ್ದರೂ ಗುರುತು ಅದೇ.

ಈಗ ಜೊತೆಗೆ ಬಂದ ಪುಸ್ತಿಕೆಗೆ ಬರೋಣ. ಚಂದ್ರನ ಎಲೆಗೆ ಪುಸ್ತಿಕೆ ಹೇಳುವುದು: 'ಬೊಗಳುವ ನಾಯಿ ಮತ್ತು ತೋಳ, ನೀರಿನಿಂದೇಳುವ ಸಿಗಡಿ ನಮ್ಮ ಅಂತರಂಗದ ಭಯದ ಸಂಕೇತ.' ಎಲೆ ನೋಡಿದರೆ ನಾಯಿಯೂ ಇಲ್ಲ, ನೀರೂ ಇಲ್ಲ. ಒಬ್ಬ ಹೆಂಗಸು ಒಂದು ಕೈಯಲ್ಲಿ ಬಾಲಚಂದ್ರ, ಇನ್ನೊಂದು ಕೈಯಲ್ಲಿ ಮುರಿದ ಬಿಲ್ಲಿನಂತೆ ಕಾಣುವುದೇನನ್ನೋ ಹಿಡಿದು ನಿಂತಿದ್ದಾಳೆ. ಸ್ಥೈರ್ಯದ ಎಲೆಗೆ 'ಸಿಂಹದ ಬಾಯನ್ನು ಮೃದುವಾಗಿ ಮುಚ್ಚುತ್ತಿರುವ ಸ್ತ್ರೀ' ಅಂತಿದೆ. ಚಿತ್ರದಲ್ಲಿ ಗಂಡಸೊಬ್ಬ ದೊಣ್ಣೆ ಎತ್ತಿ ಸಿಂಹಕ್ಕೆ ಬಾರಿಸುತ್ತಿದ್ದಾನೆ. ಮೃದುವಂತೆ! 1909ರಲ್ಲಿ ಪಮೇಲಾ ಕೋಲ್ಮನ್ ಸ್ಮಿತ್ ಬರೆದ ಇಂಗ್ಲೆಂಡಿನ ಕಟ್ಟಿನ ವಿವರಣೆಯನ್ನು ಎತ್ತಿ ಇಲ್ಲಿಗೆ ಅಂಟಿಸಿದ್ದಾರೆ, ಎಲೆಯ ಕಡೆ ಕಣ್ಣೆತ್ತಿಯೂ ನೋಡಿಲ್ಲ. ಮೊದಲ ಪುಟದಲ್ಲೇ ಈಜಿಪ್ಟಿನ ಪುರೋಹಿತರೂ ಬಂದು ಹೋಗುತ್ತಾರೆ. ಬೆಂಬೊ ಹೆಸರು ಎರಡು ಕಾಗುಣಿತದಲ್ಲಿದೆ.

ಅದರಲ್ಲಿ ಇರಬೇಕಾಗಿದ್ದ ಮಾತು ಒಂದಿತ್ತು: ಚಂದ್ರ, ನಕ್ಷತ್ರ, ಸೂರ್ಯ, ಲೋಕ, ಸ್ಥೈರ್ಯ, ಸಂಯಮ, ಈ ಆರು ಎಲೆ ಬೇರೊಬ್ಬ ಚಿತ್ರಕಾರನ ಕೈಯದ್ದು, ಆಮೇಲೆ ಸೇರಿಸಿದ್ದು. ನನಗೆ ಅದು ಓದುವ ಮೊದಲೇ ಹೊಳೆದಿತ್ತು ಅಂತ ಜಂಬ ಕೊಚ್ಚಿಕೊಳ್ಳುತ್ತೇನೆ. ಮುಖದ ದುಂಡು ಬೇರೆ, ಬಟ್ಟೆಯ ಮಡಿಕೆ ಬೇರೆ, ಹಿನ್ನೆಲೆಯಲ್ಲಿ ನೀಲಿ ಬೆಟ್ಟಗಳು ಬೇರೆ.

ಕೊನೆಯದಾಗಿ ಕಳೆದುಹೋದ ನಾಲ್ಕು. ಸೈತಾನ, ಗೋಪುರ, ನಾಣ್ಯದ ಕುದುರೆ ಸವಾರ, ಕತ್ತಿಯ ಮೂರು. ಇವನ್ನು ಇಂದಿನ ಕಲಾವಿದರಿಂದ ಬರೆಸಿ ತುಂಬಿದ್ದಾರೆ. ಕತ್ತಿಯ ಮೂರು ಪರವಾಗಿಲ್ಲ, ಉಳಿದ ಕತ್ತಿಗಳನ್ನು ನೋಡಿ ಮಾಡಬಹುದು. ಸೈತಾನ, ಗೋಪುರ ಎರಡೂ ಆ ಮನೆತನದ ಉಳಿದ ಯಾವ ಕಟ್ಟಿನಲ್ಲೂ ಸಿಕ್ಕಿಲ್ಲ. ಬರೆದಿದ್ದರೋ ಇಲ್ಲವೋ ಅನ್ನುವುದೇ ಚರ್ಚೆಯಲ್ಲಿದೆ. ಇಲ್ಲಿ ಬಾವಲಿ ರೆಕ್ಕೆಯ ಸೈತಾನನನ್ನು ಮಾರ್ಸೆಯ ಕಟ್ಟಿನಿಂದ ಎರವಲು ತಂದು, ಸುತ್ತ ಹಳೆಯ ಬಿರುಕುಗಳನ್ನು ಬ್ರಷ್ಷಿನಲ್ಲಿ ಹಾಕಿ, ನೆತ್ತಿಯ ಮೇಲೆ ಒಂದು ಸುಳ್ಳು ಮೊಳೆ ತೂತನ್ನೂ ಬರೆದಿದ್ದಾರೆ. ಇದು ಹೊಸದು ಅನ್ನುವ ಒಂದು ಸಾಲು ಎಲ್ಲೂ ಇಲ್ಲ. ನಿಜವಾದ ತೂತನ್ನು ಅಳಿಸಿ ಸುಳ್ಳು ತೂತು ಕೊರೆದವರಿಗೆ ಏನು ಹೇಳುವುದು. ಖಾಲಿ ಬಿಟ್ಟಿದ್ದರೆ ಮರ್ಯಾದೆ ಇರುತ್ತಿತ್ತು.

ಬಟ್ಟಲು, ಕತ್ತಿ, ನಾಣ್ಯ, ದೊಣ್ಣೆಯ ಎಲೆಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬಿಳಿ ನೆಲ, ಹೂಬಳ್ಳಿ, ಚೆಂದ. ಈ ನಾಲ್ಕು ಗುರುತು ಆ ಕಾಲದಲ್ಲಿ ಈಜಿಪ್ಟನ್ನು ಆಳುತ್ತಿದ್ದ ಮಾಮ್ಲೂಕರ ಇಸ್ಪೀಟಿನಿಂದ ಬಂದವು. ಅವರ ಪೋಲೋ ಕೋಲು ಯುರೋಪಿಗೆ ಬಂದು ದೊಣ್ಣೆಯಾಯಿತು. ಟ್ಯಾರೋಗೆ ಈಜಿಪ್ಟಿನ ನಂಟು ಇದ್ದರೆ ಅದು ಇಷ್ಟೇ, ಪುರೋಹಿತರದ್ದಲ್ಲ, ಜೂಜುಗಾರರದ್ದು.

ಒಂದು ಭಾನುವಾರ ನಾಲ್ಕು ಜನ ಕೂತು ಆಡಿಯೂ ನೋಡಿದೆವು. ಎಲೆ ಕಲಸಲು ಆಗಲಿಲ್ಲ, ಇಷ್ಟುದ್ದದ ಹತ್ತೊಂಬತ್ತು ಎಲೆಯನ್ನು ಬೀಸಣಿಗೆಯಂತೆ ಹಿಡಿಯಲು ಮೂರನೇ ಕೈ ಬೇಕು. ಒಂದೇ ಸುತ್ತಿಗೆ ಮೂರು ಎಲೆಯ ಅಂಚು ಬಿಳಿಚಿತು. ಆಡುವುದಕ್ಕೆ ತೆಗೆದುಕೊಳ್ಳಬೇಡಿ. ಭವಿಷ್ಯಕ್ಕೆ ಬೇಕಾದರೆ ಪುಸ್ತಿಕೆಯನ್ನು ಎಸೆದು ತೆಗೆದುಕೊಳ್ಳಿ. ನೋಡುವುದಕ್ಕಾದರೆ, ಚಿನ್ನ ಕೆಟ್ಟಿದ್ದರೂ ತೆಗೆದುಕೊಳ್ಳಿ. ನನ್ನ ಲೆಕ್ಕದಲ್ಲಿ ಐದಕ್ಕೆ ಮೂರೂವರೆ, ಆ ಅರ್ಧ ಅಳತೆ ಸರಿಯಾಗಿ ಇಟ್ಟಿದ್ದಕ್ಕೆ.

ಹೊಸ ನಾಲ್ಕು ಎಲೆಯನ್ನು ಬೇರೆ ಲಕೋಟೆಗೆ ಹಾಕಿಟ್ಟೆ. ನೇತಾಡುವವನನ್ನು ಹುಡುಗಿ ಕೇಳಿ ಒಯ್ದಳು, ಮೇಜಿನ ಮುಂದಿನ ಬೋರ್ಡಿಗೆ ಚುಚ್ಚುವುದಕ್ಕೆ. ಅಚ್ಚಾದ ತೂತಿನ ಮೇಲೇ ಪಿನ್ನು ಇಟ್ಟು ಒತ್ತಿದಳಂತೆ, ಫೋಟೋ ಕಳಿಸಿದ್ದಾಳೆ. ದೊಡ್ಡದು ಮಾಡಿ ನೋಡಿದೆ. ಅರ್ಧ ಮಿಲಿಮೀಟರ್ ಬಲಕ್ಕೆ ಹೋಗಿದೆ. ಅಚ್ಚಿನ ಮೇಲೆ ಅಚ್ಚು ಸರಿಯಾಗಿ ಕೂರದಿದ್ದರೆ ಪ್ರೆಸ್ಸಿನಲ್ಲಿ ಹೇಳುವ ಹಾಗೆ, ರಿಜಿಸ್ಟರ್ ಔಟ್ ಅಂತ ಉತ್ತರ ಬರೆದೆ.